ಬೇಲಿಯಾಚೆಗೆ ಸರಿದ ದುಡಿಮೆ

ವಾಣಿಜ್ಯ ಕಟ್ಟಡಗಳಿಗೆ, ತುಂಡುಗಳನ್ನು ಬೇರೆಡೆ ಎರೆದು ತಂದು ಜೋಡಿಸುವ ಪ್ರೀಕಾಸ್ಟ್ ಕಾಂಕ್ರೀಟೇ ತಕ್ಕದ್ದೆಂದು ವಾದಿಸುವವರು ಅದರ ಗುಣಗಳನ್ನು ಎಣಿಸುವಾಗ ಕಾಲದ ಉಳಿತಾಯವನ್ನೂ ಮೇಲ್ಮೈಯ ನಯವನ್ನೂ ಹೇಳುವುದುಂಟಾದರೂ, ಅವರ ವಾದದ ತಿರುಳೆಲ್ಲವೂ ಕಡೆಗೆ ಬಂದು ನಿಲ್ಲುವುದು ಈ ಪದ್ಧತಿಗೆ ಕಡಿಮೆ ಆಳು ಸಾಕೆಂಬ ಒಂದೇ ಮಾತಿನಲ್ಲಿ. ಕಚೇರಿ ಸಮುಚ್ಚಯಗಳೂ ಮಾಲ್‌ಗಳೂ ವಾಹನ ನಿಲುಗಡೆಯ ಬಹುಮಹಡಿಗಳೂ ಬಿಡುವಿಲ್ಲದೆ ಏಳುತ್ತಿರುವ ಬೆಂಗಳೂರಿನಂತಹ ನಗರದಲ್ಲಿ ಈ ಮಾತಿಗೆ ಮನ್ನಣೆ ದೊರೆತುದು ಸಹಜವೇ. ನಿವೇಶನದ ಬೇಲಿಯೊಳಗೆ ನಿಂತು ನೋಡಿದವನಿಗೆ ಇದು ಪ್ರತ್ಯಕ್ಷ ಸತ್ಯ; ಆ ಬೇಲಿಯನ್ನು ದಾಟಿ ಇದನ್ನು ಎಷ್ಟು ದೂರ ಒಯ್ಯಬಹುದೆಂಬುದೇ ಪರಿಶೀಲಿಸತಕ್ಕ ವಿಷಯ.

ಮೊದಲು ಪದ್ಧತಿಯ ಸಾಮರ್ಥ್ಯಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಬೇಕು. ಸ್ಥಳದಲ್ಲಿಯೇ ಎರಕ ಹೊಯ್ಯುವ ಹಳೆಯ ಕ್ರಮದಲ್ಲಿ ಮೋಲ್ಡ್ ಹಾಕುವುದು ಒಂದು ದಿನದ ಸಂಭ್ರಮವಷ್ಟೆ. ದುಡಿಮೆಯ ಬಹುಭಾಗವನ್ನು ನುಂಗುವುದು ಅದರ ಹಿಂದುಮುಂದಿನ ಕೆಲಸ. ಸೆಂಟ್ರಿಂಗಿನವರು ಹಲಗೆ ಹೊಂದಿಸಿ ಆಸರೆ ಕೊಡಬೇಕು, ಕಂಬಿಯವರು ಕಂಬಿಯನ್ನು ಬಗ್ಗಿಸಿ ಕಟ್ಟಬೇಕು, ಎರಕವಾದ ಮೇಲೆ ದಿನವೂ ನೀರುಣಿಸಬೇಕು, ಆಮೇಲೆ ಹಲಗೆಗಳನ್ನೆಲ್ಲ ಕಳಚಿ ಹೊರಿಸಿ ಮೇಲಿನ ಅಂತಸ್ತಿಗೆ ಸಾಗಿಸಬೇಕು. 4.5 ಮೀಟರಿಗೆ ಮೀರಿದ ಹರವುಳ್ಳ ಚಪ್ಪಡಿಯ ಕೆಳಗಿನ ಆಸರೆಗಳನ್ನು 14 ದಿನವೂ, 6 ಮೀಟರಿಗೆ ಮೀರಿದ ತೊಲೆಗಳ ಆಸರೆಗಳನ್ನು 21 ದಿನವೂ ಉಳಿಸಿಕೊಳ್ಳಬೇಕೆಂದು ನಮ್ಮ ಐಎಸ್ 456 ಸಂಹಿತೆಯು ಸಾಧಾರಣ ಸಿಮೆಂಟಿಗೆ ವಿಧಿಸಿರುವುದರಿಂದ, ವಿಶಾಲವಾದ ಹರವುಗಳನ್ನು ಬಯಸುವ ಕಚೇರಿ ಕಟ್ಟಡದಲ್ಲಿ ಕೆಳಗಿನ ಅಂತಸ್ತು ಕಂಬಗಳ ಕಾಡಾಗಿಯೇ ಇದ್ದು, ಮುಂದಿನ ಕುಶಲಕರ್ಮಿಗಳು ಒಳಹೊಗಲು ಎಡೆಯೇ ಇರುವುದಿಲ್ಲ. ಪ್ರೀಕಾಸ್ಟಿನಲ್ಲಾದರೋ, ನೂರು ಮೀಟರಿಗೂ ಮಿಕ್ಕ ಉಕ್ಕಿನ ಹಾಸಿನ ಮೇಲೆ ಬಿಗಿದೆಳೆದ ತಂತಿಗಳ ಸುತ್ತ ಯಂತ್ರವೊಂದು ಕಾಂಕ್ರೀಟನ್ನು ಒತ್ತುತ್ತ ಸಾಗುತ್ತದೆ. ಗಟ್ಟಿಯಾದ ಮೇಲೆ ಅದನ್ನು ಬೇಕಾದ ಉದ್ದಕ್ಕೆ ಗರಗಸದಿಂದ ಕೊಯ್ದರೆ ಟೊಳ್ಳುಗೊಳವೆಗಳುಳ್ಳ ಚಪ್ಪಡಿಗಳು ಸಿದ್ಧ. ನಿವೇಶನದಲ್ಲಿ ಅವನ್ನು ಕೂರಿಸಲು ಕ್ರೇನ್ ನಡೆಸುವವನು, ಅವನಿಗೆ ಸನ್ನೆ ಮಾಡುವವನು, ಕೊಕ್ಕೆ ಹಾಕುವವರು, ಮೇಲೆ ನಿಂತು ಮಟ್ಟ ನೋಡಿ ಇಳಿಸಿಕೊಳ್ಳುವವರು, ಹೀಗೆ ಹತ್ತು ಜನರೊಳಗಿನ ತಂಡ ಸಾಕಾಗುತ್ತದೆ.

ಇಷ್ಟನ್ನು ಕಂಡು ಶ್ರಮವೇ ಕಡಿಮೆಯಾಯಿತೆನ್ನುವುದು, ಮದುವೆಯ ಅಡಿಗೆಯನ್ನು ಬೇರೆಡೆ ಮಾಡಿಸಿ ತಂದು ಛತ್ರದಲ್ಲಿ ಬಡಿಸಿ, ಈ ಮದುವೆಗೆ ಒಲೆಯೇ ಬೇಕಾಗಲಿಲ್ಲವೆಂದು ಹೊಗಳಿಕೊಂಡಂತೆ. ಅಚ್ಚುಗಳಿಗೆ ಎಣ್ಣೆ ಸವರುವವರು, ಕಂಬಿಯ ಪಂಜರ ಕಟ್ಟುವವರು, ಎತ್ತುವ ಕೊಂಡಿಗಳನ್ನು ಹುದುಗಿಸುವವರು, ಮೂಲೆ ಒಡೆದ ತುಂಡುಗಳನ್ನು ತಿದ್ದುವವರು, ಹೇರುವವರು ಇವರೆಲ್ಲರೂ ಊರ ಹೊರಗಿನ ಎರಕದ ಯಾರ್ಡಿನಲ್ಲಿದ್ದಾರೆ. ನಗರದೊಳಗೆ ಭಾರಿ ವಾಹನಗಳಿಗೆ ಹಗಲಿನಲ್ಲಿ ನಿರ್ಬಂಧವಿರುವುದರಿಂದ ಚಪ್ಪಡಿ ಹೊತ್ತ ಲಾರಿಗಳು ಹೆಚ್ಚಾಗಿ ರಾತ್ರಿಯೇ ಬರುತ್ತವೆ. ಇಳಿಸುವವರ ನಿದ್ದೆಗೆಡುವಿಕೆ ಯಾರ ಲೆಕ್ಕಕ್ಕೂ ಸೇರದು. ಯಾರ್ಡಿನಲ್ಲಿ ಅಚ್ಚು ಮರುಬಳಕೆಯಾಗುವುದರಿಂದ ಒಟ್ಟು ಶ್ರಮದಲ್ಲಿಯೂ ಉಳಿತಾಯವಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಉಳಿತಾಯ ತುಂಡುಗಳು ಒಂದೇ ಅಳತೆಯಲ್ಲಿ ಮರುಕಳಿಸಿದಾಗ ಮಾತ್ರ. ವಾಸ್ತುಶಿಲ್ಪಿಯು ಅಂತಸ್ತಿಗೊಂದು ಆಕಾರ ಬಯಸಿದನೆಂದರೆ ಹೊಸ ಅಚ್ಚು, ಹೊಸ ನಕ್ಷೆ, ಹೊಸ ಖರ್ಚು. ಅದಲ್ಲದೆ ಇದೆಲ್ಲವೂ ಕಟ್ಟಡದ ಅಸ್ಥಿಪಂಜರಕ್ಕಷ್ಟೇ ಸಂಬಂಧಿಸಿದ ಮಾತು: ಹವಾನಿಯಂತ್ರಣದ ಕೊಳವೆ, ವಿದ್ಯುತ್ತು, ನಲ್ಲಿ, ಹುಸಿ ಚಾವಣಿ, ಗಾಜಿನ ಹೊರಮೈ ಇವುಗಳ ಕೆಲಸಗಾರರು ಎಂದಿನಂತೆಯೇ ಬೇಕು.

ನನ್ನ ಮುಖ್ಯವಾದ ಆಕ್ಷೇಪ ಸಂಖ್ಯೆಯ ವಿಷಯದ್ದಲ್ಲ, ಕೌಶಲದ ವಿಷಯದ್ದು. ಹಳೆಯ ಕ್ರಮದಲ್ಲಿ ನಕ್ಷೆಯ ತಪ್ಪನ್ನು ಮೇಸ್ತ್ರಿ ಕಣ್ಣಳತೆಯಿಂದ ಕಂಡು, ಹಲಗೆ ಸರಿಸಿ, ಅಲ್ಲಿಯೇ ಸರಿಪಡಿಸುತ್ತಿದ್ದ. ಪ್ರೀಕಾಸ್ಟ್ ಆ ಅವಕಾಶವನ್ನು ಕಿತ್ತುಕೊಂಡು, ವಿವೇಚನೆಯ ಭಾರವನ್ನೆಲ್ಲ ಮೊದಲೇ ನಕ್ಷೆ ಬರೆಯುವವನ ಮೇಜಿನ ಮೇಲೆ ಹೇರುತ್ತದೆ, ಉಳಿದುದನ್ನು ತುಂಡುಗಳು ಸೇರುವ ಸಂಧಿಗಳಿಗೆ ಬಿಡುತ್ತದೆ. ಆ ಸಂಧಿಗಳಲ್ಲಿ ಗಾರೆ ತುಂಬುವವನು, ತಂಡದಲ್ಲಿ ಕಡಿಮೆ ಕೂಲಿಯವನಾಗಿದ್ದರೂ, ಕಟ್ಟಡದ ಏಕತ್ವವನ್ನೇ ಕೈಯಲ್ಲಿ ಹಿಡಿದಿರುತ್ತಾನೆ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ (ಅದು ವಾಸದ ಕಟ್ಟಡವಾದರೂ ಪದ್ಧತಿ ಇದೇ ಕುಲದ್ದು) 1968ರ ಮೇ 16ರಂದು, 18ನೆಯ ಅಂತಸ್ತಿನ ಒಂದು ಅಡಿಗೆಮನೆಯಲ್ಲಿ ಅನಿಲ ಸ್ಫೋಟವಾಗಿ ಗೋಡೆಯ ಫಲಕ ಹೊರಚಿಮ್ಮಿದೊಡನೆ, ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿದು ನಾಲ್ವರು ಮಡಿದರು. 1986ರಲ್ಲಿ ಅದನ್ನು ಕಳಚಿದಾಗ ಸಂಧಿಗಳ ಕೆಲಸ ಎಷ್ಟು ಅಸಡ್ಡೆಯದಾಗಿತ್ತೆಂಬುದು ಬಯಲಾಯಿತು. ಕುಶಲಿಗಳು ಬೇಡವೆಂಬ ಭರವಸೆಯ ಮೇಲೆ ಮಾರಲ್ಪಡುವ ಪದ್ಧತಿಯೊಂದು ಅತ್ಯಂತ ಸೂಕ್ಷ್ಮವಾದ ಕುಶಲತೆಯನ್ನು ಕಣ್ಣಿಗೆ ಬೀಳದ ಒಂದಂಗುಲದ ಎಡೆಯಲ್ಲಿ ಬೇಡುತ್ತದೆಂಬುದು ವಿಪರ್ಯಾಸವೇ ಸರಿ.

ಇಷ್ಟಾದರೂ ನಿರ್ಮಾಪಕರು ಇದನ್ನು ಬಯಸುವುದೇಕೆ? ಫಿನ್ಲೆಂಡಿನಂತಹ ಶೀತದೇಶಗಳಲ್ಲಿ ಪ್ರೀಕಾಸ್ಟ್ ಬೇರೂರಿದುದಕ್ಕೆ ದುಬಾರಿ ಕೂಲಿಯೂ ದೀರ್ಘವಾದ ಚಳಿಗಾಲವೂ ಕಾರಣ. ನಮ್ಮಲ್ಲಿ ಕೂಲಿಯ ದರಕ್ಕಿಂತಲೂ ಕೂಲಿಯವನ ಅನಿಶ್ಚಯತೆಯೇ ನಿರ್ಮಾಪಕರನ್ನು ಈ ಕಡೆ ತಳ್ಳುತ್ತಿರುವಂತೆ ತೋರುತ್ತದೆ: ಹೋಳಿ, ಛಠ್, ಚುನಾವಣೆ, ಸುಗ್ಗಿ, ಯಾವುದು ಬಂದರೂ ಬಿಹಾರ, ಒಡಿಶಾಗಳ ಕೆಲಸಗಾರರು ಊರಿಗೆ ಹೊರಡುತ್ತಾರೆ. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನ ನಡುವೆ, ನಿರ್ಮಾಪಕರ ಪ್ರತಿನಿಧಿಗಳು ಮುಖ್ಯಮಂತ್ರಿಗಳನ್ನು ಕಂಡ ಬೆನ್ನಲ್ಲೇ, ಊರಿಗೆ ಮರಳಲು ಕಾತರಿಸುತ್ತಿದ್ದ ಈ ಜನರ ರೈಲುಗಳನ್ನು ನಮ್ಮ ರಾಜ್ಯ ಸರ್ಕಾರ ರದ್ದುಪಡಿಸಿ, ಆಕ್ಷೇಪಗಳೆದ್ದ ಮೇಲೆ ಮತ್ತೆ ಬಿಟ್ಟುದನ್ನು ನೆನೆದರೆ, ಆ ಉದ್ಯಮವು ಈ ಕೈಗಳನ್ನು ಎಷ್ಟು ಅವಲಂಬಿಸಿತ್ತೆಂಬುದೂ, ಅವಲಂಬನೆಯಿಂದ ಬಿಡಿಸಿಕೊಳ್ಳುವ ಹಂಬಲ ಎಲ್ಲಿಂದ ಹುಟ್ಟಿತೆಂಬುದೂ ತಿಳಿಯುತ್ತದೆ.

ಯಾರ್ಡಿಗೆ ಸರಿದವನಿಗೆ ಲಾಭವೂ ಇಲ್ಲದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಕಾರ್ಖಾನೆ ಕಾಯಿದೆಗೆ ಒಳಪಟ್ಟ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತಾದರೂ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಅವನಿಗೆ ಭವಿಷ್ಯನಿಧಿ, ಇಎಸ್‌ಐ ದೊರೆಯತಕ್ಕದ್ದು. ನೆರಳಿನಲ್ಲಿ, ನೆಲದ ಮಟ್ಟದಲ್ಲಿ ದುಡಿಯುವುದು ಹತ್ತನೆಯ ಅಂತಸ್ತಿನ ಅಂಚಿನಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು. ಆದರೆ ಈ ಲಾಭದ ಲೆಕ್ಕದಲ್ಲಿ ಕಾಣದೆ ಹೋಗುವವಳು ಹೆಣ್ಣಾಳು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಗಂಡನೊಡನೆ ಬಂದು, ಅವನು ಗಾರೆ ಕೆಲಸ ಮಾಡುತ್ತಿದ್ದರೆ ತಾನು ಬಾಂಡ್ಲಿ ಹೊರುತ್ತಿದ್ದವಳಿಗೆ ಕ್ರೇನಿನ ತಂಡದಲ್ಲಿ ಸ್ಥಾನವಿಲ್ಲ. ಕಡಿಮೆಯಾದ ಆಳುಗಳೆಂದು ಲೆಕ್ಕದಲ್ಲಿ ಬರೆದುಕೊಳ್ಳುವವರಲ್ಲಿ ಮೊದಲಿಗಳು ಅವಳೇ. ಹಾಗೆ ನೋಡಿದರೆ ಪಂಜರ ಕಟ್ಟುವ ಕೆಲಸ, ಸಂಧಿಯ ಗಾರೆಯನ್ನು ಅಳತೆ ತಪ್ಪದೆ ಕಲಸಿ ಪರೀಕ್ಷಿಸುವ ಕೆಲಸ, ಸಿದ್ಧವಾದ ಚಪ್ಪಡಿಗಳ ಅಳತೆ ತೆಗೆದು ಗುರುತು ಹಾಕುವ ಕೆಲಸ, ಇವಾವುವೂ ಬಾಂಡ್ಲಿ ಹೊರುವುದಕ್ಕಿಂತ ಹೆಚ್ಚಿನ ದೇಹಬಲವನ್ನು ಬೇಡುವುದಿಲ್ಲ. ಯಾರ್ಡುಗಳು ಕೆಲವು ವಾರಗಳ ತರಬೇತಿ ಕೊಟ್ಟು ಈ ಕೆಲಸಗಳಿಗೆ ಅವಳನ್ನು ತೆಗೆದುಕೊಳ್ಳದಿರುವುದಕ್ಕೆ ರೂಢಿಯ ಹೊರತು ಬೇರೆ ಕಾರಣ ನನಗೆ ಕಾಣದು.