ಸುತ್ತಿ ನೋಡುವ ವಿದ್ಯೆ

ನಮ್ಮ ಪಟ್ಟಣಗಳ ಚೌಕಗಳಲ್ಲಿ ನಿಲ್ಲಿಸಿದ ಪುತ್ಥಳಿಗಳನ್ನು ನಾನು ಮೊದಲು ಹಿಂದಿನಿಂದ ನೋಡುತ್ತೇನೆ. ಇದು ಕುಚೋದ್ಯವಲ್ಲ. ಮುಂಭಾಗವೆಂಬುದು ಸಾಮಾನ್ಯವಾಗಿ ಯಾವುದೋ ಭಾವಚಿತ್ರದಿಂದಲೋ ಕ್ಯಾಲೆಂಡರಿನಿಂದಲೋ ಇಳಿಸಿದ್ದು; ಅಲ್ಲಿ ಶಿಲ್ಪಿಯ ಸ್ವಂತದ್ದು ಎಷ್ಟೆಂದು ಹೇಳುವುದು ಕಷ್ಟ. ಬೆನ್ನಿಗೆ ಭಾವಚಿತ್ರವಿಲ್ಲ. ಹೆಗಲಿನಿಂದ ಉತ್ತರೀಯ ಹೇಗೆ ಇಳಿಯಬೇಕು, ಒಂದು ಕಾಲಿನ ಮೇಲೆ ಭಾರ ಬಿದ್ದರೆ ಸೊಂಟ ಯಾವ ಕಡೆಗೆ ಏರಬೇಕು ಎಂಬುದನ್ನು ಅಲ್ಲಿ ಶಿಲ್ಪಿ ತಾನೇ ಬಲ್ಲವನಾಗಿರಬೇಕು. ಬಹಳ ಮೂರ್ತಿಗಳ ಬೆನ್ನು ಜೋಳ ತುಂಬಿದ ಚೀಲದ ಹಾಗಿರುತ್ತದೆ. ಮುಂದಿನಿಂದ ವೀರ, ಹಿಂದಿನಿಂದ ಮೂಟೆ!

ಇದನ್ನು ಪ್ರತಿಭೆಯ ಕೊರತೆ ಎಂದು ನಾನು ತಿಳಿಯುವುದಿಲ್ಲ. ದೋಷ ಕಲಿಸುವ ಕ್ರಮದಲ್ಲಿದೆ. ಈ ಮಾತು ಈಗ ನೆನಪಾಗಲು ಕಾರಣ, ಮುಧೋಳದಲ್ಲಿ ಸಂಜೆಯ ಶಿಲ್ಪವರ್ಗವೊಂದನ್ನು ನಡೆಸಬೇಕೆಂದಿರುವ ಕೆಲವು ಗೆಳೆಯರು ತಮ್ಮ ಪಾಠಕ್ರಮದ ಕರಡನ್ನು ಅಭಿಪ್ರಾಯಕ್ಕಾಗಿ ನನಗೆ ಕೊಟ್ಟದ್ದು. ಉದ್ದೇಶ ಒಳ್ಳೆಯದು, ಕ್ರಮ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಮೂರು ತಿಂಗಳು ಪೆನ್ಸಿಲಿನ ಅಭ್ಯಾಸ. ಆಮೇಲೆ ಪ್ಲಾಸ್ಟರಿನ ಕಿವಿ, ಪಾದ, ಅಪೋಲೋನ ಮುಖ, ಇವುಗಳನ್ನು ನೋಡಿ ನಕಲು. ಬಳಿಕ ಹಲಗೆಯ ಮೇಲೆ ಉಬ್ಬುಶಿಲ್ಪ. ಎಲ್ಲ ಕಡೆಯಿಂದ ನೋಡಬಹುದಾದ ದುಂಡುಶಿಲ್ಪ ಬರುವುದು ವರ್ಷದ ಕೊನೆಯಲ್ಲಿ.

ಈ ಪದ್ಧತಿ ಎಲ್ಲಿಂದ ಬಂತೆಂಬುದನ್ನು ಊಹಿಸಬಹುದು. ಮುಧೋಳ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರವರೆಗೆ ಆ ಆಡಳಿತದಲ್ಲಿತ್ತು. ಆ ಕಡೆಯ ಶಾಲೆಗಳಲ್ಲಿ ಕಲೆ ಎಂದರೆ ಡ್ರಾಯಿಂಗ್ ಮಾಸ್ತರರು, ಡ್ರಾಯಿಂಗ್ ಪರೀಕ್ಷೆ. ಧಾರವಾಡದಲ್ಲಿ ಹಾಲಭಾವಿಯವರು, ಹುಬ್ಬಳ್ಳಿಯಲ್ಲಿ ಮಿಣಜಗಿಯವರು, ಗದಗಿನಲ್ಲಿ ಅಕ್ಕಿಯವರು ಕಟ್ಟಿದ ಶಾಲೆಗಳ ಋಣ ನಮ್ಮ ಮೇಲೆ ದೊಡ್ಡದು. ಆದರೆ ಅವು ಮುಖ್ಯವಾಗಿ ಚಿತ್ರಕಾರರನ್ನು ತಯಾರಿಸಿದವು. ಕಾಗದದ ಮೇಲೆ ವಸ್ತುವಿಗೆ ಒಂದೇ ಮುಖ. ಅದನ್ನೇ ವರ್ಷಗಟ್ಟಲೆ ರೂಢಿಸಿಕೊಂಡ ಕೈ ಮಣ್ಣಿಗೆ ಬಂದಾಗಲೂ ಒಂದೇ ಮುಖವನ್ನು ಹುಡುಕುತ್ತದೆ.

ಸಂಜೆ ವರ್ಗಕ್ಕೆ ಬರುವವರು ಯಾರು? ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಹಗಲೆಲ್ಲ ಕೂತವರು, ಸಕ್ಕರೆ ಕಾರಖಾನೆಯ ಪಾಳಿ ಮುಗಿಸಿದವರು, ಅಂಗಡಿಯವರು, ಒಬ್ಬಿಬ್ಬರು ಮಾಸ್ತರರು, ಮನೆಗೆಲಸದಿಂದ ಎರಡು ತಾಸು ಬಿಡಿಸಿಕೊಂಡ ಹೆಣ್ಣುಮಕ್ಕಳು. ಮೂರು ತಿಂಗಳು ಪೆನ್ಸಿಲು ಹಿಡಿಸಿದರೆ ಮಣ್ಣು ಮುಟ್ಟುವ ಮೊದಲೇ ಅರ್ಧ ಮಂದಿ ಹೊರಟುಹೋಗುತ್ತಾರೆ. ಅದಕ್ಕಿಂತ ಮುಖ್ಯವಾದುದು, ಇವರ ಕೈಗೆ ಮಣ್ಣು ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಜೋಡೆತ್ತು ಮಾಡಿ, ಅವುಗಳ ಮುಂದೆ ಗ್ವಾದಲಿಯನ್ನೂ ಮಾಡಿಟ್ಟು ಪೂಜಿಸುವ ಸೀಮೆ ಇದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಬುಟ್ಟಿಯೊಳಗೆ ಕೂತು ಮನೆ ಮನೆಗೆ ಬರುವ ಜೋಕುಮಾರ. ಮುಂಗಾರಿನಿಂದ ಶರತ್ಕಾಲದವರೆಗೆ ನಮ್ಮ ಪಂಚಾಂಗವೇ ಒಂದು ಶಿಲ್ಪಶಾಲೆ.

ಮಣ್ಣೆತ್ತು ಮಾಡುವ ಹುಡುಗನನ್ನು ಗಮನಿಸಿ ನೋಡಿ. ಅವನು ಮೊದಲು ಗೆರೆ ಎಳೆಯುವುದಿಲ್ಲ. ಉಂಡೆಯನ್ನು ಅಂಗೈಯಲ್ಲಿ ತಿರುವುತ್ತ, ಹಿಣಿಲನ್ನು ಚಿವುಟಿ ಎತ್ತುತ್ತ, ಬೆನ್ನನ್ನೂ ಹೊಟ್ಟೆಯನ್ನೂ ಒಂದೇ ಒತ್ತಿಗೆ ಪಡೆಯುತ್ತಾನೆ. ಎತ್ತಿಗೆ ಮುಂಭಾಗ ಹಿಂಭಾಗವೆಂದು ಬೇರೆ ಮಾಡದೆ ಇಡೀ ಎತ್ತನ್ನು ಮಾಡುತ್ತಾನೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆಂಬುದು, ಕೊಂಬಿಗೆ ಕಡ್ಡಿ ಚುಚ್ಚದಿದ್ದರೆ ಉಳಿಯದೆಂಬುದು ಅವನಿಗೆ ಯಾರೂ ಪಾಠ ಹೇಳದೆ ಗೊತ್ತು. ಕಲಾಶಾಲೆಗಳು ಮೂರ್ತಿಯ ಒಳಗೆ ಸರಳು-ತಂತಿಗಳ ಹಂದರ ಕಟ್ಟಲು ಹೇಳಿಕೊಡುತ್ತವಲ್ಲ, ಅದರ ಮೊದಲ ಅಕ್ಷರ ಈ ಕಡ್ಡಿಯೇ. ವರ್ಗದ ಮೊದಲ ಸಂಜೆಯೇ ಎಲ್ಲರ ಕೈಗೂ ಒಂದೊಂದು ಎತ್ತಿನಷ್ಟು ಮಣ್ಣು ಕೊಡಬೇಕು. ಬಿರಿಯದ ಹದಕ್ಕೆ ಮರಳು, ಕೆರೆಮಣ್ಣು ಎಷ್ಟು ಬೆರೆಯಬೇಕೆಂದು ಹೇಳಲು ಊರ ಕುಂಬಾರರನ್ನು ಗೌರವದಿಂದ ಕರೆಸಬೇಕು. ಒಂದು ಸಂಜೆಯ ಕೆಲಸ ಮರುಸಂಜೆಯವರೆಗೆ ಒಣಗದಂತೆ ಒದ್ದೆ ಬಟ್ಟೆ ಸುತ್ತುವ ಶಿಸ್ತನ್ನೂ ಅಂದೇ ಕಲಿಸಬೇಕು. ಕರಡಿನಲ್ಲಿ ಕುಂಬಾರರ ಹೆಸರೇ ಇಲ್ಲ. ಫೈಬರ್ ಎರಕಕ್ಕೆ ಮಾತ್ರ ಒಂದು ಪುಟವಿದೆ.

ಈ ಕೈವಿದ್ಯೆ ತಾನಾಗಿ ಉಳಿಯುತ್ತದೆಂದು ನಂಬುವ ಕಾಲ ಹೋಯಿತು. ಅಚ್ಚಿನಿಂದ ತೆಗೆದ ಎತ್ತುಗಳು ಸಂತೆಗೆ ಬರುತ್ತಿವೆ. ಗಣಪತಿಯಂತೂ ಅಚ್ಚಿನವನಾಗಿ ಬಹಳ ದಿನಗಳಾದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳನ್ನು ನಿಷೇಧಿಸಿತು. ಮಣ್ಣಿನ ಗಣಪತಿ ಬೇಕೆಂದರೆ ಮಣ್ಣು ಬಲ್ಲ ಕೈ ಬೇಕಷ್ಟೆ. ಅದನ್ನು ಯಾವ ಆಜ್ಞೆಯೂ ಒಂದು ಹಬ್ಬದೊಳಗೆ ತಯಾರಿಸಿ ಕೊಡಲಾರದು.

ಇನ್ನು ಅಪೋಲೋ. ಅವನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಮುಧೋಳದಲ್ಲಿ ಕೂತು ಅಂಗರಚನೆ ಕಲಿಯುವವನಿಗೆ ಮುಧೋಳ ನಾಯಿಗಿಂತ ಒಳ್ಳೆಯ ಮಾದರಿ ಯಾವುದು? ಪಕ್ಕೆಲುಬು ಎಣಿಸಬಹುದು, ಒಳಸೇರಿದ ಹೊಟ್ಟೆ, ಎದ್ದ ಸೊಂಟದೆಲುಬು, ತೊಡೆಯ ಸ್ನಾಯು, ಎಲ್ಲವೂ ತೊಗಲಿನ ಕೆಳಗೆ ಬರೆದಿಟ್ಟಂತೆ ಕಾಣುತ್ತದೆ. ಅಂಚೆ ಇಲಾಖೆ 2005ರಲ್ಲಿ ಈ ನಾಯಿಯ ಚಿತ್ರವನ್ನು ಚೀಟಿಯ ಮೇಲೆ ಅಚ್ಚು ಹಾಕಿತು. ಸಮೀಪದ ತಿಮ್ಮಾಪುರದಲ್ಲಿ ಇದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ಮಣ್ಣಿನಲ್ಲಿ ಆ ತೆಳುಗಾಲುಗಳನ್ನು ನಿಲ್ಲಿಸಲು ಹೆಣಗಿದವನಿಗೆ ಒಳಹಂದರ ಯಾತಕ್ಕೆಂದು ಬೇರೆ ಹೇಳಬೇಕಿಲ್ಲ. ಪ್ಯಾರಿಸ್ಸಿನ ದೊಡ್ಡ ಕಲಾಶಾಲೆ ಮೂರು ಸಲ ಹಿಂದಕ್ಕೆ ಕಳಿಸಿದ ರೋಡೆನ್ ಹೊಟ್ಟೆಪಾಡಿಗೆ ಕಟ್ಟಡಗಳ ಅಲಂಕಾರದ ಕೆಲಸ ಮಾಡುತ್ತಲೇ, ಪ್ರಾಣಿಶಿಲ್ಪಕ್ಕೆ ಹೆಸರಾದ ಬಾರೀ ಎಂಬವರಲ್ಲಿ ಪಾಠಕ್ಕೆ ಹೋದನು. ದುಡಿದು ಕಲಿಯುವವರ ವಂಶಾವಳಿ ಸಣ್ಣದಲ್ಲ.

ಅದೇ ರೋಡೆನ್ನನ ಇನ್ನೊಂದು ಸಂಗತಿಯನ್ನು ಸಂಜೆ ವರ್ಗದವರು ತಿಳಿದಿರಬೇಕು. ಪಾಲ್ ಗ್ಸೆಲ್ ಎಂಬಾತ ಅವನೊಡನೆ ನಡೆಸಿದ ಮಾತುಕತೆಗಳು 1911ರಲ್ಲಿ ಪುಸ್ತಕವಾಗಿ ಬಂದವು. ಒಂದು ಸಂಜೆ ಕತ್ತಲಾಗುತ್ತಿರುವಾಗ ರೋಡೆನ್ ದೀಪ ಹಿಡಿದು, ಪ್ರಾಚೀನ ವೀನಸ್ಸಿನ ಸಣ್ಣ ಪ್ರತಿಯೊಂದರ ಬಳಿಗೆ ಅವನನ್ನು ಕರೆದೊಯ್ದನು. ಹಗಲಿನಲ್ಲಿ ನುಣುಪಾಗಿ ಕಂಡ ಮೈಮೇಲೆ ಓರೆಯಾಗಿ ಬಿದ್ದ ಬೆಳಕು ನೂರಾರು ಸಣ್ಣ ಏರಿಳಿತಗಳನ್ನು ಎಬ್ಬಿಸಿ ತೋರಿಸಿತು. ನಮ್ಮ ಗೆಳೆಯರು ಸಂಜೆಯ ಹೊತ್ತನ್ನು ಅನಿವಾರ್ಯವಾದ ಕೊರತೆಯೆಂದು ಬರೆದಿದ್ದಾರೆ. ನೆತ್ತಿಯ ಮೇಲೆ ನಾಲ್ಕು ಟ್ಯೂಬ್‌ಲೈಟು ಹಾಕಿಸಿ ಅದನ್ನು ತುಂಬಿಕೊಳ್ಳುವರಂತೆ. ಹಾಗೆ ಮಾಡಿದರೆ ಉಬ್ಬು ತಗ್ಗುಗಳೆಲ್ಲ ಒಂದೇ ಆಗಿಬಿಡುತ್ತವೆ. ಕೈಯಲ್ಲಿ ಹಿಡಿದು ಮೂರ್ತಿಯ ಸುತ್ತ ಒಯ್ಯಬಹುದಾದ ಒಂದು ದೀಪ ಸಾಕು. ತಿರುಗುವ ಮಣೆಯೊಂದಿದ್ದರೆ ಇನ್ನೂ ಒಳ್ಳೆಯದು.

ಪರಂಪರೆಯ ತಾಳಮಾನ ಬೇಡವೆ ಎಂದು ಕೇಳುವವರುಂಟು. ಬೇಕು. ಮುಖದ ಅಳತೆಯಿಂದ ಇಡೀ ಮೈಯ ಅಳತೆ ಹಿಡಿಯುವ ಆ ಲೆಕ್ಕ ಬಲ್ಲವನು ಮೂಟೆಯಂಥ ಬೆನ್ನನ್ನು ಮಾಡಲಾರ. ತಿರುಮಕೂಡಲು ನರಸೀಪುರದಲ್ಲಿ 1942ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಕನಕಾ ಮೂರ್ತಿಯವರು ಶಿಲ್ಪಿಗಳ ಮನೆತನದವರಲ್ಲ. ಬೆಂಗಳೂರಿನ ಕಲಾಮಂದಿರದಲ್ಲಿ ಚಿತ್ರಕಲೆ ಕಲಿತು, ಆಮೇಲೆ ದೇವಲಕುಂದ ವಾದಿರಾಜರ ಬಳಿ ಕಲ್ಲಿನ ಕೆಲಸ ಕಲಿತವರು. ಹೆಂಗಸಿಗೆ ಉಳಿ ಯಾತಕ್ಕೆ ಎನ್ನುವ ಕಾಲದಲ್ಲಿ ಶಾಸ್ತ್ರೋಕ್ತ ದೇವಮೂರ್ತಿಗಳನ್ನೂ ಸಂಗೀತಗಾರರ ಭಾವಶಿಲ್ಪಗಳನ್ನೂ ಕಡೆದು ಜಕಣಾಚಾರಿ ಪ್ರಶಸ್ತಿ ಪಡೆದರು. ಹುಟ್ಟಿನಿಂದ ಬಾರದ ವಿದ್ಯೆಯನ್ನು ಗುರುವಿನ ಪಕ್ಕದಲ್ಲಿ ಕೂತು ಪಡೆಯಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಾರಕ್ಕೆ ಕೆಲವು ತಾಸುಗಳ ವರ್ಗ ಆ ಗುರುಸಾನ್ನಿಧ್ಯಕ್ಕೆ ಸಮವೆಂದು ಮಾತ್ರ ಯಾರೂ ತಿಳಿಯಬಾರದು. ಅದು ಬಾಗಿಲವರೆಗೆ ಕರೆದೊಯ್ದರೆ ಸಾಕು.

ನಮ್ಮ ಗುಡಿಗಳ ಶಿಲ್ಪಗಳು ಹೆಚ್ಚಾಗಿ ಗೋಡೆಗೆ ಅಂಟಿದವು, ಅವಕ್ಕೆ ಬೆನ್ನೇ ಇಲ್ಲ, ಹಾಗಾದರೆ ಈ ಬೆನ್ನಿನ ಹಟ ಯಾಕೆ ಎಂದು ಗೆಳೆಯರಲ್ಲೊಬ್ಬರು ವಾದಿಸಿದರು. ಚೆನ್ನಾದ ಪ್ರಶ್ನೆ. ಮುಧೋಳದ ರನ್ನನೇ ಇದಕ್ಕೆ ಉತ್ತರ ಕೊಡುತ್ತಾನೆಂದು ನನಗೆ ತೋರುತ್ತದೆ. ಮುಂದೆ ನಡೆಯುವ ಸಿಂಹ ಕತ್ತು ಹೊರಳಿಸಿ ಹಿಂದಕ್ಕೆ ನೋಡುವಂತೆ, ಕೊನೆಯ ದಿನದ ಯುದ್ಧದಲ್ಲಿ ನಿಂತು ಇಡೀ ಭಾರತವನ್ನು ತಿರುಗಿ ನೋಡುವುದು ಗದಾಯುದ್ಧದ ಕ್ರಮ. ಹೇಳದೆ ಬಿಟ್ಟದ್ದೂ ಆ ಹೊರಳಿನಲ್ಲಿ ಇದ್ದೇ ಇರುತ್ತದೆ. ಐಹೊಳೆಯ ರಾವಣಫಡಿಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಹತ್ತು ಕೈಗಳ ಶಿವನೂ ಹಾಗೆಯೇ. ಬೆನ್ನು ಬಂಡೆಯೊಳಗಿದೆ. ಆದರೆ ಕಡೆದವನಿಗೆ ಅದು ಗೊತ್ತಿತ್ತು. ಇಲ್ಲದಿದ್ದರೆ ಆ ಸೊಂಟ ಹಾಗೆ ತಿರುಗುತ್ತಿರಲಿಲ್ಲ.

ಕರಡಿನ ಕೊನೆಯ ಸಾಲಿನಲ್ಲಿ ಐಹೊಳೆ-ಪಟ್ಟದಕಲ್ಲುಗಳಿಗೆ ಒಂದು ದಿನದ ಪ್ರವಾಸವಿದೆ, ವರ್ಷಾಂತ್ಯಕ್ಕೆ, ಬಹುಮಾನವೆಂಬಂತೆ. ಅದನ್ನು ಮೊದಲ ತಿಂಗಳಿಗೆ ತರಬೇಕೆಂದು ಬರೆದು ಕರಡನ್ನು ಹಿಂದಿರುಗಿಸಿದ್ದೇನೆ. ಚಿತ್ರದ ಪುಸ್ತಕ ಒಯ್ಯುವುದು ಬೇಡ. ಒದ್ದೆ ಬಟ್ಟೆಯಲ್ಲಿ ಒಂದೊಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗಿ, ಫಡಿಯ ಹೊರಗೆ ನೆರಳಲ್ಲಿ ಕೂತು, ಒಳಗೆ ಕಂಡುಬಂದ ಆ ತಿರುವನ್ನಷ್ಟೆ ಹಿಡಿಯಲಿ. ಕೈಗಳು ಹತ್ತೂ ಬರದಿದ್ದರೆ ಚಿಂತೆಯಿಲ್ಲ.