ಕೆನ್ನೆಗೆ ಹೋಗುವ ಔಷಧಿ

ಕಣ್ಣು ಒಣಗುವ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಹನಿಯನ್ನು ಮುಂದಿನ ಸೀಸೆ ಕೊಳ್ಳುವ ತನಕ ಎಳೆದು ತರುವುದು ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಪಳಗಿದ ವಿದ್ಯೆ. ಬೆಳಗಿನ ಹನಿ ಬಿಟ್ಟು ರಾತ್ರಿಯದಷ್ಟೇ ಹಾಕಿಕೊಳ್ಳುವವರಿದ್ದಾರೆ. ಉರಿ ಹೆಚ್ಚಿದ ಕಣ್ಣಿಗೆ ಮಾತ್ರ ಹಾಕಿ ಇನ್ನೊಂದನ್ನು ಹಾಗೇ ಬಿಡುವವರಿದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿಯೋ ಗೃಹಲಕ್ಷ್ಮಿಯ 2,000 ರೂಪಾಯಿಯೋ ಖಾತೆಗೆ ಬೀಳುವ ದಿನದವರೆಗೆ ಸೀಸೆಯ ತಳದ ನಾಲ್ಕು ತೊಟ್ಟನ್ನು ಕಾಯ್ದಿಡುವವರೂ ಇದ್ದಾರೆ. ಇವರಲ್ಲಿ ಯಾರನ್ನೂ ಅಜ್ಞಾನಿ ಅನ್ನುವ ಹಾಗಿಲ್ಲ. ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಲೆಕ್ಕ ಹಾಕಿಯೇ ಹೀಗೆ ಮಾಡುತ್ತಾರೆ. ಆದರೆ ಆ ಲೆಕ್ಕದಲ್ಲಿ ಒಂದು ಕಲಂ ಬಿಟ್ಟುಹೋಗಿದೆ. ಹನಿ ಎಷ್ಟು ಸಲ ಬಿತ್ತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಎಲ್ಲಿ ಬಿತ್ತು ಎಂಬುದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಮೆಡಿಕಲ್ ಅಂಗಡಿಯ ಕಟ್ಟೆಯ ಮುಂದೆ ಕೇಳಿಬರುವ ಮಾತು ಎರಡು ಬಗೆಯದು. "ಏನ್ರೀ ಕಾಕಾ, ಹತ್ತ ದಿನ ಹಿಂದ್ಯಾ ಒಯ್ದೀರಿ, ಅಷ್ಟ್ರಾಗ ಖಾಲಿ ಆಗ್ಯದಾ?" ಎಂಬುದು ಒಂದು. ಚೌತಿಗೆ ಒಯ್ದ ಸೀಸೆ ದೀಪಾವಳಿಗೂ ಇನ್ನೂ ಅರ್ಧ ಅದ ಎಂದು ಹೆಮ್ಮೆಯಿಂದ ಹೇಳುವುದು ಇನ್ನೊಂದು. ಮೊದಲನೆಯವರದು ದುಂದು, ಎರಡನೆಯವರದು ಜಾಣತನ ಎಂದು ಊರು ತೀರ್ಮಾನಿಸುತ್ತದೆ. ನನ್ನ ಪ್ರಕಾರ ಇಬ್ಬರದೂ ಒಂದೇ ತಪ್ಪು, ಮತ್ತು ಎರಡನೆಯದು ಹೆಚ್ಚು ಅಪಾಯದ್ದು.

ಲೆಕ್ಕ ಸರಳ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಹಿಡಿಯುವುದು ರೂಢಿ. ಕಣ್ಣಿಗೆ ತೇವ ಕೊಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸಿನ 10 ಮಿಲಿಲೀಟರ್ ಸೀಸೆಯಲ್ಲಿ ಹಾಗಾದರೆ 200 ಹನಿ. ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಎಂದರೆ ದಿನಕ್ಕೆ 8 ಹನಿ, 25 ದಿನ. ಸೀಸೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ತೆರೆದ ಒಂದು ತಿಂಗಳೊಳಗೆ ಬಳಸಿ ಮುಗಿಸಿ ಎಂದು ಬರೆದಿರುತ್ತದೆ. ಆ ಅಕ್ಷರ ಓದಲು ಒಳ್ಳೆಯ ಕಣ್ಣೇ ಬೇಕು ಎಂಬುದು ಬೇರೆ ಮಾತು. ಅಂದರೆ ಹೇಳಿದ ಹಾಗೆ ಹಾಕಿಕೊಂಡರೆ ಸೀಸೆ ತನ್ನ ಅವಧಿಗೆ ಸ್ವಲ್ಪ ಮೊದಲೇ ಮುಗಿಯುತ್ತದೆ, ಮುಗಿಯಬೇಕಾದ್ದೂ ಹಾಗೆಯೇ. ಹತ್ತೋ ಹನ್ನೆರಡೋ ದಿನಕ್ಕೆ ಖಾಲಿಯಾದರೆ ಸಲಕ್ಕೆ ಎರಡು ಹನಿ ಬೀಳುತ್ತಿದೆ ಎಂದರ್ಥ. ಎರಡು ತಿಂಗಳಾದರೂ ಉಳಿದರೆ ಉಳಿದಿರುವುದನ್ನು ಔಷಧಿ ಎಂದು ಕರೆಯುವುದು ಕಷ್ಟ.

ಎರಡು ಹನಿ ಯಾಕೆ ಬೀಳುತ್ತದೆ? ಮೊದಲನೆಯದು ಕೆನ್ನೆ ಮೇಲೆ ಇಳಿಯಿತು, ಹಾಗಾಗಿ ಸಾಲಲಿಲ್ಲ ಅನ್ನಿಸುತ್ತದೆ. ವಾಸ್ತವ ಬೇರೆ. ಕಣ್ಣಿನ ಮೇಲೆ ಸಾಮಾನ್ಯವಾಗಿ ಇರುವ ಕಣ್ಣೀರು 7 ಮೈಕ್ರೋಲೀಟರ್‌ನಷ್ಟು. ರೆಪ್ಪೆ ಬಡಿಯದೆ ಇದ್ದರೆ 30ರವರೆಗೆ ಹಿಡಿದೀತು; ಒಮ್ಮೆ ಬಡಿದ ಮೇಲೆ ನಿಲ್ಲುವುದು 10ರ ಆಸುಪಾಸು. ಸೀಸೆಯಿಂದ ಉದುರುವ ಹನಿಯೋ ಬಹುಪಾಲು 35ರಿಂದ 50 ಮೈಕ್ರೋಲೀಟರ್. ಸರಿಯಾಗಿ ಬಿದ್ದ ಒಂದೇ ಹನಿಯೂ ಉಕ್ಕಿ ಹೊರಬರಲೇಬೇಕು: ಒಂದಷ್ಟು ಕೆನ್ನೆಗೆ, ಒಂದಷ್ಟು ಕಣ್ಣಿನ ಒಳಮೂಲೆಯ ನಾಳದಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ. ಕೆನ್ನೆ ಒದ್ದೆಯಾದದ್ದು ಹನಿ ತಪ್ಪಿದ್ದರ ಗುರುತೇ ಆಗಬೇಕೆಂದಿಲ್ಲ. ಎರಡನೆಯ ಹನಿ ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ ಅಷ್ಟೆ.

ಇಲ್ಲಿ ತಪ್ಪು ರೋಗಿಯದಲ್ಲ, ಸೀಸೆಯದು. ಹನಿ ಇಷ್ಟು ದೊಡ್ಡದು ಯಾಕೆ ಎಂದು ಅಮೆರಿಕದ ಗ್ಲಾಕೋಮಾ ರೋಗಿಗಳು ಕಂಪನಿಗಳ ಮೇಲೆ ದಾವೆ ಹೂಡಿದ್ದುಂಟು. 2017ರ ಮಾರ್ಚಿನಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಇಂಥ ದಾವೆಯನ್ನು ತಳ್ಳಿಹಾಕಿದರು. ನಿಮಗೆ ಬೇಕಾದ ಅಳತೆಯ ಮಾಲು ಕಂಪನಿ ಮಾಡಲಿಲ್ಲ ಎಂಬ ನಿರಾಸೆ ಕಾನೂನಿನ ಕಣ್ಣಿಗೆ ನಷ್ಟವಲ್ಲ ಎಂಬುದು ಅವರ ನಿಲುವು. ಅದೇ ವರ್ಷ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅಂಥದೇ ದಾವೆಯನ್ನು ವಿಚಾರಣೆಗೆ ಒಪ್ಪಿತು. ಅಲ್ಲಿನ ಜಗಳಕ್ಕೆ ಇನ್ನೊಂದು ಮುಖವಿದೆ: ತಿಂಗಳ ಲೆಕ್ಕ ತುಂಬುವ ಮೊದಲು ಮುಂದಿನ ಸೀಸೆಗೆ ವಿಮೆಯವರು ದುಡ್ಡು ಕೊಡುತ್ತಿರಲಿಲ್ಲ. ಕೈ ನಡುಗುವ ಮುದುಕರು ಹನಿ ಚೆಲ್ಲಿಕೊಳ್ಳುವುದು ಸಹಜ ಎಂದು ಕೊನೆಗೆ 2010ರಲ್ಲಿ ಸರ್ಕಾರಿ ವಿಮೆಯಾದ ಮೆಡಿಕೇರ್ ಶೇ. 70ರಷ್ಟು ದಿನ ಕಳೆದರೆ ಮುಂದಿನ ಸೀಸೆ ಕೊಡಬಹುದು ಎಂದಿತು. ನಮ್ಮಲ್ಲಿ ವಿಮೆ ತಡೆಯುವುದಿಲ್ಲ, ಯಾಕೆಂದರೆ ಈ ಸೀಸೆಗೆ ವಿಮೆ ಇಲ್ಲ. ತಡೆಯುವುದು ಜೇಬು. ಹಾಗಾಗಿ ಜಗಳಾಡಲು ಎದುರಿಗೆ ಯಾರೂ ಇಲ್ಲ. ನಷ್ಟ ಸದ್ದಿಲ್ಲದೆ ಮನೆಯೊಳಗೇ ಮುಗಿಯುತ್ತದೆ.

ಸೀಸೆ ತೆರೆಯುವ ವಿಷಯದಲ್ಲಿ ಮಾತ್ರ ನಮ್ಮ ಮನೆಯವರನ್ನು ಕ್ಷಮಿಸಲು ಮನಸ್ಸಾಗುವುದಿಲ್ಲ. ಇಲ್ಲಿ ಮಾರುವ ಬಹಳಷ್ಟು ಸೀಸೆಗಳ ಮೂತಿ ಮುಚ್ಚಿಕೊಂಡೇ ಬರುತ್ತದೆ. ಮುಚ್ಚಳದ ಒಳಗೆ ಸಣ್ಣ ಮುಳ್ಳಿರುತ್ತದೆ. ಬಿಗಿಯಾಗಿ ತಿರುಗಿಸಿದರೆ ಅದೇ ಮೂತಿಯನ್ನು ಚುಚ್ಚಿ ಅಳತೆಯ ತೂತು ಮಾಡುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ ಗುಂಡುಸೂಜಿ ಬರುತ್ತದೆ, ಸೀರೆಯ ಪಿನ್ನು ಬರುತ್ತದೆ, ಅವಸರದವರ ಕೈಗೆ ಬ್ಲೇಡೂ ಬರುತ್ತದೆ. ಸೂಜಿಯನ್ನು ದೀಪಕ್ಕೆ ಹಿಡಿದು ಚುಚ್ಚಿದರೆ ಶುದ್ಧವಾಯಿತು ಎಂಬ ಸಮಾಧಾನ ಬೇರೆ. ಕಾದ ಸೂಜಿ ಪ್ಲಾಸ್ಟಿಕ್ಕನ್ನು ಕರಗಿಸಿ ತೂತನ್ನು ಇನ್ನೂ ಅಗಲ ಮಾಡುತ್ತದೆ. ಅಲ್ಲಿಂದ ಮುಂದೆ ಸೀಸೆ ಒತ್ತಿದರೆ ಹನಿಯಲ್ಲ, ಧಾರೆ. ತಿಂಗಳುದ್ದಕ್ಕೂ ಮಾಡುವ ಉಳಿತಾಯವನ್ನೆಲ್ಲ ಈ ಒಂದು ನಿಮಿಷ ಮೊದಲೇ ತಿಂದುಹಾಕಿರುತ್ತದೆ. ಕೊಡುವಾಗ ಮುಚ್ಚಳ ಬಿಗಿದು, ಚುಚ್ಚಿ, ಮೇಲೆ ಪೆನ್ನಿನಿಂದ ತಾರೀಕು ಬರೆದು ಕೊಡುವ ಔಷಧಿ ಅಂಗಡಿಯವರು ಅಲ್ಲಲ್ಲಿ ಇದ್ದಾರೆ. ಅರ್ಧ ನಿಮಿಷದ ಆ ಕೆಲಸಕ್ಕೆ ನಾನು ದೊಡ್ಡ ಅಂಕ ಕೊಡುತ್ತೇನೆ. ಒಂದು ಆಕ್ಷೇಪ ಇಟ್ಟುಕೊಂಡೇ: ಆ ದಿನವೇ ಬಳಸಲು ಶುರು ಮಾಡದವರಿಗೆ ತಿಂಗಳ ಗಡಿಯಾರ ಅಂಗಡಿಯಲ್ಲೇ ಓಡತೊಡಗುತ್ತದೆ.

ಇನ್ನು ಆ ಒಂದು ತಿಂಗಳ ಗಡುವು. ಇದು ಕಂಪನಿಯ ವ್ಯಾಪಾರದ ಉಪಾಯ ಎಂದು ನಂಬುವವರು ಬಹಳ. ನಂಬುವುದಕ್ಕೆ ಕಾರಣವೂ ಇದೆ, ಹಳೆಯ ಹನಿ ನೋಡಲು ಹೊಸದರಂತೆಯೇ ತಿಳಿಯಾಗಿರುತ್ತದೆ. ಆದರೆ ಸೀಸೆಯ ಮೂತಿ ರೆಪ್ಪೆಗೆ, ಬೆರಳಿಗೆ ತಾಗುತ್ತದೆ. ಒತ್ತಿ ಬಿಟ್ಟಾಗ ಸೀಸೆ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿರುವ ಸಂರಕ್ಷಕ ರಾಸಾಯನಿಕ ಕೆಲವು ವಾರ ಕಾವಲು ಕಾಯುತ್ತದೆ, ಆಮೇಲೆ ಭರವಸೆಯಿಲ್ಲ. ಕಾವಲು ಇಲ್ಲದಾಗ ಏನಾಗಬಹುದು ಎಂಬುದನ್ನು 2023ರಲ್ಲಿ ಜಗತ್ತು ಕಂಡಿತು. ಚೆನ್ನೈ ಬಳಿಯ ಗ್ಲೋಬಲ್ ಫಾರ್ಮಾ ಹೆಲ್ತ್‌ಕೇರ್ ತಯಾರಿಸಿ, ಎಜ್ರಿಕೇರ್ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಾಟವಾದ, ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಜೊತೆ ಔಷಧಕ್ಕೆ ಬಗ್ಗದ ಸೂಡೊಮೊನಾಸ್ ಸೋಂಕು ಹರಡಿತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದ ಪ್ರಕಾರ 18 ರಾಜ್ಯಗಳ 81 ಜನರಿಗೆ ಸೋಂಕು ತಗಲಿತು; 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆ ತೆಗೆಯಬೇಕಾಯಿತು, ನಾಲ್ವರು ಸತ್ತರು. ಆ ಹನಿ ಕೆಟ್ಟದ್ದು ತಯಾರಾಗುವಾಗಲೇ, ಮನೆಯ ಕಪಾಟಿನಲ್ಲಲ್ಲ; ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಕೊಳೆತ ಹನಿ ಕಣ್ಣಿಗೆ ಏನು ಮಾಡಬಲ್ಲದು ಎಂಬುದಕ್ಕೆ ಮಾತ್ರ ಬೇರೆ ಸಾಕ್ಷಿ ಬೇಡ. ಬಸವಕಲ್ಯಾಣದ ಆಟೋನಗರದಂಥ ಕಡೆ ವೆಲ್ಡಿಂಗ್ ಶೆಡ್ಡಿನಲ್ಲಿ ಒಂದೇ ಸೀಸೆ ನಾಲ್ಕು ಜನರ ಕಣ್ಣಿಗೆ ಸುತ್ತಾಡಿದರೆ ತಿಂಗಳ ಲೆಕ್ಕವೂ ಕೆಲಸಕ್ಕೆ ಬಾರದು.

ಉಳಿಸುವ ವಿದ್ಯೆಯ ಅತಿ ದೊಡ್ಡ ಕುರುಡುತನ ಎಂದರೆ ಎಲ್ಲ ಹನಿಯನ್ನೂ ಒಂದೇ ಎಂದು ನೋಡುವುದು. ಬರೀ ತೇವ ಕೊಡುವ ಹನಿಯನ್ನು ಒಂದು ಹೊತ್ತು ತಪ್ಪಿಸಿದರೆ ಆ ಹೊತ್ತು ಕಣ್ಣಾಗ ಹಳ್ಳು ಹೊಕ್ಕಂಗ ಚುಚ್ಚುತ್ತದೆ, ಅಷ್ಟೇ. ಸೈಕ್ಲೋಸ್ಪೋರಿನ್ ಹಾಗಲ್ಲ. ಅದು ಕಣ್ಣಿನ ಮೇಲ್ಮೈಯ ಉರಿಯೂತವನ್ನು ತಗ್ಗಿಸುವ ಮದ್ದು. ಗುಣ ಕಾಣಲು ವಾರಗಳಲ್ಲ, ತಿಂಗಳುಗಳೇ ಬೇಕು. ಮೊದಮೊದಲು ಹಾಕಿದಾಗ ಉರಿಯುತ್ತದೆ ಕೂಡ. ದುಬಾರಿ, ಉರಿ, ಗುಣವೂ ಕಾಣದು, ಹೀಗಾಗಿ ಜನ ಮೊದಲು ಕೈಬಿಡುವುದು ಇದನ್ನೇ. 3 ಮಿಲಿಲೀಟರ್ ಸೀಸೆಯಲ್ಲಿ 60 ಹನಿ. ಎರಡೂ ಕಣ್ಣಿಗೆ ದಿನಕ್ಕೆರಡು ಸಲ ಎಂದರೆ 15 ದಿನ. ಚೀಟಿಯಲ್ಲಿ ಒಂದು ತಿಂಗಳು ಎಂದು ಬರೆದು ಒಂದೇ ಸೀಸೆ ಕೊಂಡರೆ ಉಳಿದ ಹದಿನೈದು ದಿನ ಎಲ್ಲಿಂದ ಬರಬೇಕು? ಈ ಗಣಿತ ಗೊತ್ತಿರಬೇಕಾದ್ದು ರೋಗಿಗಿಂತ ಮೊದಲು ಚೀಟಿ ಬರೆದವರಿಗೆ.

ಒಂದು ಸಲಕ್ಕೆಂದೇ ಬರುವ 0.4 ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಕೊಳವೆಗಳ ಕಥೆ ಇನ್ನೂ ವಿಚಿತ್ರ. ಒಂದರಲ್ಲಿ ಏಳೆಂಟು ಹನಿಯ ಔಷಧಿ ಇರುತ್ತದೆ. ಎರಡು ಹನಿ ಹಾಕಿ ಉಳಿದದ್ದನ್ನು ಎಸೆಯಿರಿ ಎಂಬುದು ಸೂಚನೆ. ಬಿಸಾಡಲು ಕೈ ಬರುವುದಿಲ್ಲ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಸಂಜೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲೂ ಅಮೆರಿಕದಲ್ಲೂ. ಇದನ್ನು ನಾನು ಒಪ್ಪಲಾರೆ, ಅದರಲ್ಲಿ ಸಂರಕ್ಷಕವೇ ಇಲ್ಲ. ಹಾಗೆಂದು ನನ್ನ ಕೋಪ ಹಾಗೆ ಉಳಿಸಿಟ್ಟುಕೊಂಡವರ ಮೇಲಲ್ಲ, ಕಂಪನಿಗಳ ಮೇಲೆ. ಸೈಕ್ಲೋಸ್ಪೋರಿನ್ ಹನಿಯನ್ನು ರೆಸ್ಟಾಸಿಸ್ ಹೆಸರಿನಲ್ಲಿ ಮೊದಲು ತಂದ ಅಲರ್ಗನ್ ಕಂಪನಿ 2016ರಲ್ಲಿ ಹಿಮ್ಮುಖವಾಗಿ ಏನೂ ಒಳಗೆ ಹೋಗದ ವಾಲ್ವ್ ಇರುವ 5.5 ಮಿಲಿಲೀಟರ್ ಸೀಸೆಯನ್ನು ತಂದಿತು. 2002ರಲ್ಲಿ ಅನುಮತಿ ಪಡೆದ ಔಷಧಿಗೆ ಅಂಥ ಸೀಸೆ ಬರಲು ಹದಿನಾಲ್ಕು ವರ್ಷ ಹಿಡಿಯಿತು.

ಸೀಸೆ ಮುಗಿದಾಗ ಮನೆಯಲ್ಲಿ ಸಿಗುವ ಬದಲಿಗಳ ವಿಚಾರವನ್ನು ಬೇಗ ಮುಗಿಸುತ್ತೇನೆ. ಗುಲಾಬ್ ಜಲ ಬೇಡ, ಉರುಸಿನಲ್ಲಿ ಕೊಂಡ ಸುರ್ಮಾ ಬೇಡವೇ ಬೇಡ, ಅದರಲ್ಲಿ ಸೀಸದ ಅಂಶ ಇರುವುದುಂಟು. ಔಡಲೆಣ್ಣೆಯ ವಿಷಯದಲ್ಲಿ ಮಾತ್ರ ಅಜ್ಜಿಯರನ್ನು ನೋಡಿ ನಗುವ ಮೊದಲು ತುಸು ತಡೆಯಬೇಕು: ಮೇಲೆ ಹೇಳಿದ ರೆಸ್ಟಾಸಿಸ್‌ನಲ್ಲಿ ಔಷಧಿಯನ್ನು ಕರಗಿಸಿಟ್ಟಿರುವುದು ಔಡಲೆಣ್ಣೆಯಲ್ಲೇ. ಗಾಣದಿಂದ ತಂದ ಎಣ್ಣೆ ಕಣ್ಣಿಗೆ ಬಿಡುವಷ್ಟು ಶುದ್ಧವಲ್ಲ ಎಂಬ ಕಾರಣಕ್ಕೆ ಬೇಡ. ಅಜ್ಜಿಗೆ ಬುದ್ಧಿಯಿಲ್ಲ ಎಂಬ ಕಾರಣಕ್ಕಲ್ಲ. ಎಲ್ಲಕ್ಕಿಂತ ಕೆಟ್ಟ ಬದಲಿ ಎಂದರೆ ಹಿಂದೆ ಯಾರಿಗೋ ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಹನಿ. ಕೆಂಪು ಎರಡೇ ದಿನಕ್ಕೆ ಇಳಿಯುತ್ತದೆ, ಅದಕ್ಕೇ ಜನ ಅದನ್ನು ಮೆಚ್ಚುತ್ತಾರೆ. ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ.

ನಿಜವಾದ ಬದಲಿ ಅಂಗಡಿಯಲ್ಲಿಯೇ ಇದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರಗಳ ಪಟ್ಟಿಯಲ್ಲೂ ಇದೆ. ಬ್ರ್ಯಾಂಡಿನ ಹೆಸರಿನ ಬದಲು ಚೀಟಿಯಲ್ಲಿ ಔಷಧಿಯ ಹೆಸರು ಬರೆದಿದ್ದರೆ ಎಷ್ಟೋ ಮನೆಗಳಲ್ಲಿ ಹನಿ ತಪ್ಪಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಹನಿಯ ಅಗತ್ಯವನ್ನೇ ಕಡಿಮೆ ಮಾಡುವ ದಾರಿಗಳೂ ಇವೆ: ಸೋಯಾ, ತೊಗರಿಯ ರಾಶಿ ಮಾಡುವಾಗ ಪಕ್ಕವೂ ಮುಚ್ಚುವ ಕನ್ನಡಕ, ಹೈದರಾಬಾದ್ ರಸ್ತೆಯಲ್ಲಿ ಬೈಕ್ ಓಡಿಸುವಾಗ ಹೆಲ್ಮೆಟ್ಟಿನ ಗಾಜು ಇಳಿಸುವುದು, ಏಪ್ರಿಲ್ ರಾತ್ರಿಯಲ್ಲಿ ಕೂಲರಿನ ಗಾಳಿ ನೇರ ಮುಖಕ್ಕೆ ಬಾರದಂತೆ ಮಂಚ ತಿರುಗಿಸುವುದು. ಮೀನೆಣ್ಣೆ ಗುಳಿಗೆಗೆ ದುಡ್ಡು ಸುರಿಯುವವರಿಗೊಂದು ಮಾತು: 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ಅಧ್ಯಯನದಲ್ಲಿ 535 ರೋಗಿಗಳ ಪೈಕಿ ಅದನ್ನು ನುಂಗಿದವರಿಗೆ ಆಲಿವ್ ಎಣ್ಣೆ ನುಂಗಿದವರಿಗಿಂತ ಹೆಚ್ಚಿನ ಗುಣವೇನೂ ಆಗಲಿಲ್ಲ.

ಊರವರೇ ಕಂಡುಕೊಂಡ ಎರಡು ಉಪಾಯಗಳಿಗೆ ಮಾತ್ರ ನನ್ನ ಪೂರ್ತಿ ಮೆಚ್ಚುಗೆಯಿದೆ. ತೇವದ ಹನಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ಹಾಕುವುದು ಒಂದು. ತಣ್ಣನೆಯ ಹನಿ ಕಣ್ಣಿಗೆ ಬಿತ್ತೋ ಇಲ್ಲವೋ ಕೂಡಲೇ ತಿಳಿಯುವುದರಿಂದ ಎರಡನೆಯದರ ಆಸೆ ಹುಟ್ಟುವುದಿಲ್ಲ. ಇನ್ನೊಂದು, ಅಂಗಾತ ಮಲಗಿ ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಯಲ್ಲಿ ಮೊಮ್ಮಗಳಿಂದ ಒಂದು ಹನಿ ಬಿಡಿಸಿಕೊಂಡು ಆಮೇಲೆ ಕಣ್ಣು ತೆರೆಯುವುದು. ರೆಪ್ಪೆ ಮೊದಲೇ ಸ್ವಚ್ಛವಿರಬೇಕು, ಆಮೇಲೆ ಆ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಕೊಂಡರೆ ಮೂಗಿನ ದಾರಿಯೂ ಬಂದ್.

ಇದನ್ನು ಯಾವ ದವಾಖಾನೆಯ ಚೀಟಿಯೂ ಹೇಳುವುದಿಲ್ಲ. ಚೀಟಿಯಲ್ಲಿರುವುದು 1-1-1-1 ಎಂಬ ಅಂಕಿಗಳು. ಶಕ್ತಿ ಯೋಜನೆಯ ಪುಕ್ಕಟೆ ಬಸ್ಸಿನಲ್ಲಿ ಬೀದರಿಗೋ ಕಲಬುರಗಿಗೋ ಹೋಗಿ ಬಂದ ಹೆಂಗಸಿಗೆ, ನಿಮ್ಮ ಸೀಸೆ ತಂದಿದ್ದೀರಾ, ನನ್ನೆದುರೇ ಒಂದು ಹನಿ ಹಾಕಿಕೊಳ್ಳಿ ನೋಡೋಣ ಎಂದು ಯಾರೂ ಕೇಳುವುದಿಲ್ಲ. ಗುಣ ಕಾಣಲಿಲ್ಲ ಎಂದರೆ ಇನ್ನೂ ದುಬಾರಿಯ ಹನಿ ಬರೆಯುತ್ತಾರೆ. ಅದೂ ಅದೇ ಕೈಯಿಂದ, ಅದೇ ಗುಂಡುಸೂಜಿಯ ತೂತಿನಿಂದ, ಅದೇ ಕೆನ್ನೆಗೆ.