ಬಲ್ಲಭಗಢದ ಪ್ರಶ್ನಪತ್ರಿಕೆ

ಹರಿಯಾಣದ ಫರೀದಾಬಾದ್ ಜಿಲ್ಲೆಗೆ ಸೇರಿದ ಬಲ್ಲಭಗಢದ ಹಳ್ಳಿಗಳಲ್ಲಿ, 55 ವರ್ಷ ಮೀರಿದ 5,126 ಮಂದಿಯನ್ನು ಪರೀಕ್ಷಿಸಿ, ಅವರ ಪೈಕಿ 65 ವರ್ಷ ದಾಟಿದವರಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ವ್ಯಾಧಿಯು ಶೇಕಡ 1.36ರಷ್ಟು ಮಾತ್ರ ಇದೆಯೆಂದು 1998ರಲ್ಲಿ ಪ್ರಕಟವಾದ ಪ್ರಬಂಧಕ್ಕೆ ಅಂದಿನಿಂದ ಇಂದಿನವರೆಗೆ ಸಂದಿರುವ ಕೀರ್ತಿಯು ಅಪಾತ್ರದಾನವಲ್ಲದಿದ್ದರೂ ಅಸ್ಥಾನದಲ್ಲಿ ಸಂದದ್ದು. ಮೂರು ವರ್ಷಗಳ ತರುವಾಯ ಅದೇ ತಂಡವು, ಅಲ್ಜೈಮರ್ ರೋಗವು ಈ ವೃದ್ಧರಲ್ಲಿ ಸಾವಿರ ವ್ಯಕ್ತಿವರ್ಷಗಳಿಗೆ 3.24ರಂತೆ ಹೊಸದಾಗಿ ತಲೆದೋರುತ್ತದೆಂದೂ, ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ಕಣಿವೆಯಲ್ಲಿ ಆ ಪ್ರಮಾಣವು 17.5 ಎಂದೂ ವರದಿಮಾಡಿತು. ಅಷ್ಟೇ ಸಾಕಾಯಿತು. ಭಾರತೀಯ ವೃದ್ಧನ ಮೇಧಾಶಕ್ತಿಯನ್ನು ಕಾಪಾಡುತ್ತಿರುವುದು ನಮ್ಮ ಸಾರಿನೊಳಗಿನ ಅರಿಶಿನವೆಂಬ ಸಿದ್ಧಾಂತವು ದೇಶವಿದೇಶಗಳ ಪತ್ರಿಕೆಗಳಲ್ಲಿ ಹುಟ್ಟಿ, ಬೆಳೆದು, ಈಗ ಗುಳಿಗೆಯ ಸೀಸೆಯ ಮೇಲಿನ ಬರಹವೂ ಆಗಿದೆ.

ನಮ್ಮ ಜನಸಮುದಾಯವು ತ್ವರಿತವಾಗಿ ಮುಪ್ಪಾಗುತ್ತಿದೆಯೆಂಬುದನ್ನೂ, 2011ರ ಜನಗಣತಿಯಲ್ಲಿಯೇ ಅರವತ್ತು ದಾಟಿದವರು ಹತ್ತು ಕೋಟಿಯನ್ನು ಮೀರಿದ್ದರೆಂಬುದನ್ನೂ ವಾಚಕರಿಗೆ ಮತ್ತೆ ಹೇಳಬೇಕಾದುದಿಲ್ಲ. ನಾನು ವಿಮರ್ಶಿಸಬಯಸುವುದು ಆ ಸಂಖ್ಯೆಯನ್ನಲ್ಲ. ಆ ಸಂಖ್ಯೆಗಿಂತ ಶ್ರೇಷ್ಠವಾದ, ಆದರೆ ಯಾರೂ ಓದದ ಇನ್ನೊಂದು ಕೃತಿಯನ್ನು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಮೇರಿ ಗಂಗೂಲಿಯವರೂ ಅವರ ಭಾರತೀಯ ಸಹೋದ್ಯೋಗಿಗಳೂ ಸೇರಿ 1995ರಲ್ಲಿ ಪ್ರಕಟಿಸಿದ ಹಿಂದಿ ಮನಃಸ್ಥಿತಿ ಪರೀಕ್ಷೆಯೇ ಆ ಕೃತಿ. ಫೋಲ್‌ಸ್ಟೀನ್ ದಂಪತಿಗಳೂ ಮೆಕ್‌ಹ್ಯೂ ಅವರೂ 1975ರಲ್ಲಿ ರಚಿಸಿದ ಮೂವತ್ತು ಅಂಕಗಳ ಕಿರುಪರೀಕ್ಷೆಯನ್ನು ಅದು ಆಧರಿಸಿದೆ. ಆದರೆ ಮೂಲವು ಶಾಲೆಯ ಮೆಟ್ಟಿಲು ಹತ್ತಿದವರನ್ನು ಕುರಿತದ್ದು. ಬಲ್ಲಭಗಢದಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ಶೇಕಡ 73ರಷ್ಟು ಮಂದಿ ನಿರಕ್ಷರಿಗಳು.

ಮೂಲದಲ್ಲಿ ಒಂದು ಪ್ರಶ್ನೆಯಿದೆ: ಮನಸ್ಸಿಗೆ ತೋಚಿದ ಒಂದು ವಾಕ್ಯವನ್ನು ಬರೆಯಿರಿ. ಲೇಖನಿಯನ್ನೇ ಹಿಡಿಯದ ರೈತನಿಗೆ ಇದನ್ನು ಕೇಳುವುದು ಕ್ರೌರ್ಯ; ಕೇಳದೆ ಬಿಡುವುದು ಪ್ರಮಾದ, ಏಕೆಂದರೆ ಹೊರಗಿನ ಪ್ರೇರಣೆಯಿಲ್ಲದೆ ಒಂದು ಭಾವವನ್ನು ಕರ್ತೃ ಕ್ರಿಯೆಗಳ ಬಂಧದಲ್ಲಿ ಕೂಡಿಸಬಲ್ಲ ಶಕ್ತಿಯನ್ನು ಅಳೆಯುವ ಪ್ರಶ್ನೆ ಅದೊಂದೇ. ಗಂಗೂಲಿಯವರ ತಂಡವು ಅದರ ಸ್ಥಾನದಲ್ಲಿ, ನಿಮ್ಮ ಮನೆಯನ್ನು ಕುರಿತು ಏನಾದರೂ ಹೇಳಿ, ಎಂದು ಕೇಳಿತು. ಈ ಪರಿವರ್ತನೆಯ ಸೂಕ್ಷ್ಮತೆಯನ್ನು ಗಮನಿಸಬೇಕು. ಕೈಯಿಂದ ನಾಲಗೆಗೆ ಕೆಲಸವನ್ನು ವರ್ಗಾಯಿಸಿದ್ದು ಯಾರಿಗಾದರೂ ಹೊಳೆಯಬಹುದಾದ ಉಪಾಯ. ವಿಷಯವನ್ನು ಆರಿಸಿದ್ದರಲ್ಲಿ ಪ್ರತಿಭೆಯಿದೆ. ಏನಾದರೂ ಹೇಳಿ ಎಂದಷ್ಟೇ ಕೇಳಿದ್ದರೆ, ಪಟ್ಟಣದಿಂದ ಕಾಗದ ಹಿಡಿದು ಬಂದವರ ಮುಂದೆ ಮುದುಕಿಯೊಬ್ಬಳು, ಏನು ಹೇಳಲಪ್ಪ, ಎಂದು ಸಂಕೋಚದಿಂದ ಸುಮ್ಮನಾಗುತ್ತಿದ್ದಳು. ಆ ಸಂಕೋಚವು ರೋಗದ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ರಾಮಾಯಣವನ್ನು ಹೇಳೆಂದಿದ್ದರೆ, ಬಾಲ್ಯದಿಂದ ಬಾಯಿಪಾಠವಾದದ್ದು ತಾನಾಗಿ ಹರಿದು ಬಂದು, ಒಳಗಿನ ಜೀರ್ಣತೆಯನ್ನು ಮುಚ್ಚಿಬಿಡುತ್ತಿತ್ತು; ಸಹಸ್ರನಾಮವನ್ನು ತಡವರಿಸದೆ ಪಠಿಸುತ್ತ ಮಗನ ಗುರುತನ್ನು ಮರೆತ ಹಿರಿಯರು ನಮ್ಮ ಮನೆಗಳಲ್ಲಿಯೂ ಇಲ್ಲವೆ? ಮನೆಯಾದರೋ ಎಲ್ಲರೂ ಬಲ್ಲುದು, ಆದರೆ ಯಾರಿಗೂ ಕಂಠಪಾಠವಲ್ಲ. ಅದನ್ನು ಕುರಿತ ವಾಕ್ಯವನ್ನು ಪ್ರತಿಯೊಬ್ಬರೂ ಆ ಗಳಿಗೆಯಲ್ಲಿ ತಾವೇ ಕಟ್ಟಬೇಕು. ಭೀತಿಯನ್ನು ಕಳೆದು ಶ್ರಮವನ್ನು ಉಳಿಸಿಕೊಂಡ ಇಂತಹ ಪ್ರಶ್ನೆಯನ್ನು ನಮ್ಮ ಶಾಲಾಪರೀಕ್ಷಕರು ಒಂದನ್ನಾದರೂ ರಚಿಸಿದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ, ಆ ಪ್ರಶ್ನೆಗೆ ಒಂದೇ ಅಂಕವನ್ನು ಇಟ್ಟಿರುವುದನ್ನು ಆಕ್ಷೇಪಿಸಲೇಬೇಕು. ಮನೆ ದೊಡ್ಡದು ಎಂದು ಮುಗಿಸಿದವನೂ, ಅಂಗಳ, ಹಗೇವು, ಹಂಚಿಕೊಂಡ ಅಣ್ಣತಮ್ಮಂದಿರು, ಸೋರುವ ಮೂಲೆ ಎಲ್ಲವನ್ನೂ ವಿವರಿಸಿದವಳೂ ಇಲ್ಲಿ ಸಮಾನರು.

ಉಳಿದ ಪರಿವರ್ತನೆಗಳೆಲ್ಲ ಇದೇ ಎತ್ತರದವಲ್ಲ. ವಾರದ ದಿನಗಳನ್ನು ಹಿಮ್ಮುಖವಾಗಿ ಹೇಳಿಸುವುದು, ನೂರರಿಂದ ಏಳೇಳನ್ನು ಕಳೆಯಿಸುವ ಮೂಲದ ಲೆಕ್ಕಕ್ಕೆ ಯೋಗ್ಯವಾದ ಬದಲಿ. ದೇಶ, ರಾಜ್ಯಗಳ ಪ್ರಶ್ನೆಗಳನ್ನು ಬಿಟ್ಟು, ನಿಮ್ಮ ಹಳ್ಳಿ ಯಾವ ಅಂಚೆಕಚೇರಿಗೆ ಸೇರಿದ್ದು ಎಂದು ಕೇಳಿದ್ದೂ ಯುಕ್ತವೇ, ಪೇಟೆಗೆ ಹೋಗಿಬರುವ ಗಂಡಸಿಗೆ ಅದು ಹೆಂಗಸಿಗಿಂತ ಸುಲಭವೆಂಬುದನ್ನು ಒಪ್ಪಿಕೊಂಡರೆ. ಆದರೆ, ಕಣ್ಣು ಮುಚ್ಚಿರಿ, ಎಂಬ ಬರಹವನ್ನು ಓದಿ ಹಾಗೆ ಮಾಡುವುದರ ಬದಲು ಪರೀಕ್ಷಕನ ಮುಖವನ್ನು ನೋಡಿ ಅವನಂತೆಯೇ ಕಣ್ಣು ಮುಚ್ಚುವುದೆಂದಾಗ, ಗ್ರಹಣದ ಪರೀಕ್ಷೆ ಅನುಕರಣದ ಪರೀಕ್ಷೆಯಾಗಿ ಇಳಿಯಿತು. ವರ್ಷ ಯಾವುದೆಂಬುದನ್ನು ಕೈಬಿಟ್ಟು, ಈಗ ಬೆಳಗೋ ಮಧ್ಯಾಹ್ನವೋ ಸಂಜೆಯೋ, ಎಂದು ಕೇಳಿದ್ದು ನಿಶ್ಚಯವಾಗಿ ನಷ್ಟ: ವರ್ಷವನ್ನು ನೆನಪಿನಿಂದಲೇ ಹೇಳಬೇಕು, ಹೊತ್ತನ್ನು ಬಾಗಿಲಿನಿಂದ ಇಣುಕಿದವನು ಬಿಸಿಲನ್ನು ನೋಡಿ ಹೇಳಬಲ್ಲ.

ಈ ಪತ್ರಿಕೆಯನ್ನು ಹಳ್ಳಿಗರಿಗೆಂದು ಸುಲಭಗೊಳಿಸಿ ಮೂಲವನ್ನು ಕೆಡಿಸಿದರೆಂದು ಗೊಣಗುವ ಪಂಡಿತರಿದ್ದಾರೆ. ಒಂದೇ ಪ್ರಶ್ನೆಯನ್ನು ಎರಡು ದೇಶಗಳಲ್ಲಿ ಕೇಳಿದರೆ ಒಂದೇ ವಸ್ತುವನ್ನು ಅಳೆದಂತಾಯಿತೆಂದು ಭಾವಿಸುವ ಇವರ ಸಮತಾದೃಷ್ಟಿಯು, ಅಕ್ಷರ ಕಲಿಯದ್ದನ್ನೇ ರೋಗವೆಂದು ಎಣಿಸುವಲ್ಲಿಗೆ ಹೋಗಿ ಮುಟ್ಟುತ್ತದೆ. ಇವರಿಗಿಂತಲೂ ಅಪಾಯಕಾರಿಗಳು ಅರಿಶಿನಪಕ್ಷದವರು. ಅರಿಶಿನವನ್ನು ಪರೀಕ್ಷಿಸುವುದು ಆ ಸಮೀಕ್ಷೆಯ ಕೆಲಸವೇ ಆಗಿರಲಿಲ್ಲ. ಅರಿಶಿನದೊಳಗಿನ ಕರ್ಕ್ಯುಮಿನ್ ಇಲಿಗಳ ಮಿದುಳಿನಲ್ಲಿ ತೋರಿದ ಭರವಸೆಯು ಅಲ್ಜೈಮರ್ ಪೀಡಿತರಾದ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಫಲಿಸಲಿಲ್ಲ. ಸಂಶೋಧಕರಾದರೋ ತಮ್ಮ ಸಂಖ್ಯೆ ಏಕೆ ಇಷ್ಟು ಕಿರಿದಾಗಿರಬಹುದೆಂದು ತಾವೇ ವಿಚಾರಿಸಿ, ಜನರ ಅಲ್ಪಾಯುಷ್ಯವನ್ನೂ, ವ್ಯಾಧಿ ಬಂದವರು ಬೇಗ ತೀರಿಕೊಳ್ಳುವುದನ್ನೂ ಸಾಧ್ಯಕಾರಣಗಳೆಂದು ಹೇಳಿದ್ದರು. ಅಭಿಮಾನಿಗಳು ಆ ವಾಕ್ಯಗಳನ್ನು ದಾಟಿ ಹೋದರು.

ಅವರು ದಾಟಿಹೋದ ಇನ್ನೊಂದು ಸಂಗತಿಯುಂಟು. ಡಿಮೆನ್ಷಿಯಾ ಎಂದು ನಿರ್ಣಯಿಸಲು ಸ್ಮರಣೆ ಕುಂದಿದರೆ ಸಾಲದು, ದಿನನಿತ್ಯದ ವ್ಯವಹಾರವೂ ಕೆಟ್ಟಿರಬೇಕು. ಸೊಸೆ ತಟ್ಟೆಯನ್ನು ಮುಂದಿಡುವ, ಮಗ ಲೆಕ್ಕವನ್ನು ನೋಡಿಕೊಳ್ಳುವ ಕುಟುಂಬದಲ್ಲಿ ಅಜ್ಜನಿಗೆ ಕೆಡಿಸಿಕೊಳ್ಳಲು ವ್ಯವಹಾರವೇ ಉಳಿದಿರುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಇದನ್ನು ಅರಿತೇ ಆ ತಂಡವು ಭಾರತೀಯರ ನಿತ್ಯಕೃತ್ಯಗಳನ್ನು ಅಳೆಯಲು ಬೇರೊಂದು ಮಾಪಕವನ್ನು ರಚಿಸಿತು. ಆದರೂ ಮನೆಯವರ ವಾತ್ಸಲ್ಯವನ್ನು ಭೇದಿಸಿ ಒಳಗನ್ನು ಕಾಣುವುದು ಯಾವ ಮಾಪಕಕ್ಕೂ ಸುಲಭವಲ್ಲ. ಭಾರತದ ದೀರ್ಘಾವಧಿ ವಾರ್ಧಕ್ಯ ಅಧ್ಯಯನದ ಡಿಮೆನ್ಷಿಯಾ ವಿಭಾಗವು ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ವ್ಯಾಧಿಯಿದೆಯೆಂದು 2023ರಲ್ಲಿ ಅಂದಾಜುಮಾಡಿತು. ನಗರಕ್ಕಿಂತ ಗ್ರಾಮದಲ್ಲಿಯೇ ಹೆಚ್ಚು. ವಿಧಾನವೂ ವಯೋಮಿತಿಯೂ ಬೇರೆಯಾದುದರಿಂದ ಎರಡು ಸಂಖ್ಯೆಗಳನ್ನು ನೇರವಾಗಿ ತೂಗಲಾಗದು. ಆದರೆ ಗ್ರಾಮೀಣ ಆಹಾರದ ಮಹಿಮೆಯನ್ನು ಹಾಡುವವರು ಈ ಎರಡನೆಯದನ್ನು ಉದ್ಧರಿಸದಿರುವುದು ಆಕಸ್ಮಿಕವಲ್ಲ.

ಆ ಹೊಸ ಅಧ್ಯಯನವೂ ತನ್ನ ಪರೀಕ್ಷಾಸಮೂಹದಲ್ಲಿ ಬಲ್ಲಭಗಢದ ಪತ್ರಿಕೆಯನ್ನು ಉಳಿಸಿಕೊಂಡಿದೆ. ಸಂಖ್ಯೆ ಸವೆಯಿತು, ಸಾಧನ ಬಾಳಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕನ್ನಡ ತೆಲುಗುಗಳೆರಡನ್ನೂ ಆಡುವ ಹಿರಿಯರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿದೆ. ಅಲ್ಲಿಂದ ನಾಳೆ ಒಂದು ಸಂಖ್ಯೆ ಬಂದೇ ಬರುತ್ತದೆ. ನಮ್ಮ ಪತ್ರಿಕೆಗಳು ಅದನ್ನು ತಲೆಬರಹದಲ್ಲಿ ಮುದ್ರಿಸುವ ಮುನ್ನ, ಆ ಹಿರಿಯರಿಗೆ ಕೇಳಿದ ಪ್ರಶ್ನೆಗಳನ್ನು ತರಿಸಿಕೊಂಡು ಆದಿಯಿಂದ ಅಂತ್ಯದವರೆಗೆ ಓದಬೇಕೆಂದು ಸಂಪಾದಕರಲ್ಲಿ ನನ್ನ ವಿಜ್ಞಾಪನೆ.